ಪೇಟೆಯ ಹೆಸರು, ವಾರ್ಡಿನ ನಂಬರು

ದೊಡ್ಡಬಳ್ಳಾಪುರದಲ್ಲಿ ಯಾರನ್ನಾದರೂ ನಿಲ್ಲಿಸಿ ಮನೆ ಎಲ್ಲಿ ಅಂತ ಕೇಳಿ. ತೂಬಗೆರೆ ಪೇಟೆ ಅನ್ನುತ್ತಾರೆ, ಕುಚ್ಚಪ್ಪನ ಪೇಟೆ ಅನ್ನುತ್ತಾರೆ. ತೇರಿನ ಬೀದಿ, ಇಸ್ಲಾಂಪುರ, ಶಾಂತಿನಗರ, ಕರೇನಹಳ್ಳಿ, ರೋಜಿಪುರ ಅನ್ನುತ್ತಾರೆ. ಇಷ್ಟನೇ ವಾರ್ಡು ಅಂತ ಹೇಳುವವರು ಸಿಗುವುದು ಬಹಳ ಕಡಿಮೆ. ವಾರ್ಡು ಇರುವುದು ಕಂದಾಯದ ರಸೀದಿಯಲ್ಲಿ, ಮತದಾರರ ಪಟ್ಟಿಯಲ್ಲಿ, ಚುನಾವಣೆ ಬಂದಾಗ ಕೈಗೆ ಬರುವ ಕರಪತ್ರದಲ್ಲಿ. ಬಾಯಲ್ಲಿ ಇರುವುದು ಪೇಟೆ.

ಪೇಟೆಗೆ ನೆನಪು ಜಾಸ್ತಿ. ಒಂದು ಬೀದಿಯಲ್ಲಿ ಯಾವ ಮನೆತನ ಮೊದಲು ಮಗ್ಗ ಹಾಕಿತು, ಯಾರ ಮನೆಯಲ್ಲಿ ಕೈಮಗ್ಗ ತೆಗೆದು ಪವರ್‌ಲೂಮ್ ಕೂರಿಸಿದರು, ಯಾರು ಹಾಸು ಹೊಕ್ಕಿನ ರೇಷ್ಮೆಗೆ ಸಾಲ ಮಾಡಿ ಕೈಸುಟ್ಟುಕೊಂಡರು, ಎಲ್ಲವೂ ಹಳಬರ ನಾಲಿಗೆ ಮೇಲಿದೆ. ಮನೆಯ ಮುಂದಿನ ಅಂಕಣದಲ್ಲಿ ಮಗ್ಗ, ಹಿಂದಿನ ಅಂಕಣದಲ್ಲಿ ಸಂಸಾರ. ಬೆಳಗಿನಿಂದ ರಾತ್ರಿವರೆಗೆ ಲಾಳಿ ಹೊಡೆಯುವ ಸದ್ದು. ಹೊರಗಿನಿಂದ ಬಂದ ನೆಂಟರಿಗೆ ಮೊದಲ ದಿನ ನಿದ್ದೆ ಬರುವುದಿಲ್ಲ. ಊರಿನವರಿಗೆ ಆ ಸದ್ದು ನಿಂತರೆ ಎಚ್ಚರವಾಗುತ್ತದೆ, ಕರೆಂಟ್ ಹೋಯಿತು ಅಂತ. ಮನೆಯೊಳಗೆ ತೆಲುಗು, ಬೀದಿಯಲ್ಲಿ ಕನ್ನಡ, ಇಸ್ಲಾಂಪುರದ ಕಡೆ ಉರ್ದು. ಇಷ್ಟೆಲ್ಲ ಸೇರಿ ಆದದ್ದು ಪೇಟೆ. ಇದರ ಮೇಲೆ ಒಂದು ದಿನ ಜಿಲ್ಲಾಧಿಕಾರಿಗಳ ಕಚೇರಿಯಿಂದ ಗೆರೆ ಬೀಳುತ್ತದೆ. ಆ ಬೀದಿಯ ಎಡಗಡೆ ಸಾಲು ಒಂದು ವಾರ್ಡು, ಬಲಗಡೆ ಸಾಲು ಇನ್ನೊಂದು. ಎದುರು ಬದುರು ಮನೆಯವರಿಗೆ ಬೇರೆ ಬೇರೆ ಮೆಂಬರು.

ಈ ಗೆರೆ ಎಳೆಯುವುದು ತಪ್ಪು ಅಂತ ನಾನು ಹೇಳುವುದಿಲ್ಲ. ಜನ ಹೆಚ್ಚಾದರೆ ಎಳೆಯಲೇಬೇಕು. ನನಗೆ ಬೇಸರವಿರುವುದು ಬೇರೆ ವಿಷಯದ ಬಗ್ಗೆ. ವಿಧಾನಸಭೆ ಕ್ಷೇತ್ರಕ್ಕೆ ಇತಿಹಾಸವಿದೆ. 1957ರಿಂದ ಯಾರು ಗೆದ್ದರು, ಎಷ್ಟು ಅಂತರ, ಯಾವ ಪಕ್ಷ ಅಂತ ಪಟ್ಟಿ ಸಿಗುತ್ತದೆ. ಲೋಕಸಭೆಗೂ ಹಾಗೇ. ಆದರೆ ನಮ್ಮ ಬೀದಿಗೆ ನೀರು ತಂದವರು ಯಾರು, ಚರಂಡಿಗೆ ಕಲ್ಲು ಹಾಸಿದವರು ಯಾರು, ಅವರು ಎಷ್ಟು ಮತದಲ್ಲಿ ಗೆದ್ದಿದ್ದರು, ಯಾರ ವಿರುದ್ಧ ಅಂತ ಕೇಳಿದರೆ ಊರಿನ ವಯಸ್ಸಾದವರ ಮುಖ ನೋಡಬೇಕು. ಅವರು ಹೋದ ದಿನ ಆ ಚರಿತ್ರೆಯೂ ಹೋಯಿತು. ಹತ್ತಿರದ ಸರ್ಕಾರದ ಚರಿತ್ರೆಯನ್ನೇ ನಾವು ಬರೆದಿಟ್ಟುಕೊಂಡಿಲ್ಲ.

ದೊಡ್ಡಬಳ್ಳಾಪುರಕ್ಕೆ ಈಗ 31 ವಾರ್ಡುಗಳು. 2011ರ ಜನಗಣತಿಯ ಹೊತ್ತಿಗೆ ಊರಿನ ಜನಸಂಖ್ಯೆ ಎಂಬತ್ತು ಸಾವಿರ ದಾಟಿತ್ತು. ಭಾಗಿಸಿ ನೋಡಿದರೆ ಒಂದು ವಾರ್ಡಿಗೆ ಎರಡೂವರೆ ಸಾವಿರದ ಮೇಲೆ ಜನ. ಮಕ್ಕಳನ್ನು ಬಿಟ್ಟು, ಪಟ್ಟಿಯಲ್ಲಿ ಹೆಸರಿಲ್ಲದವರನ್ನು ಬಿಟ್ಟು, ಕೆಲಸಕ್ಕೆ ಬೆಂಗಳೂರಿಗೆ ಹೋದವರನ್ನೂ ಬಿಟ್ಟರೆ ಮತ ಹಾಕಲು ಬರುವವರು ಸಾವಿರದ ಐನೂರೋ ಎರಡು ಸಾವಿರವೋ. ಕಣದಲ್ಲಿ ನಾಲ್ಕೈದು ಜನ ಇದ್ದರೆ ಐನೂರು ಆರುನೂರು ಮತ ತೆಗೆದವರು ಗೆದ್ದು ಬರುತ್ತಾರೆ. ಆರುನೂರು ಮತ ಅಂದರೆ ಸುಮಾರು ಇನ್ನೂರು ಮನೆ. ಇನ್ನೂರು ಮನೆಯ ಹೊಸ್ತಿಲನ್ನು ಒಬ್ಬ ಮನುಷ್ಯ ಕಾಲ್ನಡಿಗೆಯಲ್ಲೇ ಮುಟ್ಟಬಹುದು. ಈ ದೇಶದಲ್ಲಿ ಅಭ್ಯರ್ಥಿ ತನ್ನ ಮತದಾರರಲ್ಲಿ ಹೆಚ್ಚಿನವರನ್ನು ಹೆಸರು ಹಿಡಿದು ಕರೆಯಬಲ್ಲ ಚುನಾವಣೆ ಅಂತ ಉಳಿದಿದ್ದರೆ ಅದು ಗ್ರಾಮ ಪಂಚಾಯಿತಿಯದ್ದು ಮತ್ತು ಇದು.

ಆದ್ದರಿಂದಲೇ ಇಲ್ಲಿ ಪ್ರಚಾರದ ಮಾತೂ ಬೇರೆ. ಜಗಲಿಯ ಮೇಲೆ ಕೂತ ಅಜ್ಜಿ ಕರಪತ್ರವನ್ನು ಪಕ್ಕಕ್ಕಿಟ್ಟು ಮೊದಲು ಕೇಳುವುದು, "ಯಾರ ಮಗನಪ್ಪಾ ನೀನು?" ಅಂತ. ಹುಡುಗ ತಾತನ ಹೆಸರು ಹೇಳುತ್ತಾನೆ. "ಓ, ಮಗ್ಗದ ಮನೆಯೋರಾ, ನಿಮ್ಮಜ್ಜಿ ನಾನು ಒಟ್ಟಿಗೆ ನೀರಿಗೆ ಹೋಗ್ತಿದ್ವಿ ಕಣಪ್ಪ" ಅನ್ನುತ್ತಾಳೆ. ಅಲ್ಲಿಗೆ ಅರ್ಧ ಪ್ರಚಾರ ಮುಗಿಯಿತು. ಉಳಿದರ್ಧಕ್ಕೆ ಪಕ್ಷ, ಜಾತಿ, ದುಡ್ಡು ಎಲ್ಲವೂ ಬರುತ್ತವೆ, ಬರುವುದಿಲ್ಲ ಅಂತ ಯಾರೂ ಹೇಳಲಾರರು. ನಗರಸಭೆ ಅಭ್ಯರ್ಥಿ ಖರ್ಚು ಮಾಡಬಹುದಾದ ಮಿತಿಯನ್ನು ರಾಜ್ಯ ಚುನಾವಣಾ ಆಯೋಗ 2 ಲಕ್ಷ ರೂಪಾಯಿ ಅಂತ ಇಟ್ಟಿತ್ತು; ಪುರಸಭೆಗೆ ಒಂದೂವರೆ ಲಕ್ಷ, ಪಟ್ಟಣ ಪಂಚಾಯಿತಿಗೆ ಒಂದು ಲಕ್ಷ. ಆ ಮಿತಿಯೊಳಗೆ ನಿಂತು, ಸಾಲ ಮಾಡದೆ, ಬೀದಿ ಬೀದಿ ತಿರುಗಿ ಸೋತವರೂ ಗೆದ್ದವರೂ ಎಲ್ಲ ಊರಲ್ಲೂ ಇದ್ದಾರೆ. ಅವರ ಬಗ್ಗೆ ನನಗೆ ತುಂಬ ಗೌರವ.

2021ರ ಸೆಪ್ಟೆಂಬರ್ 3, ಶುಕ್ರವಾರ, ನಮ್ಮ ನಗರಸಭೆಗೆ ಮತದಾನ ನಡೆಯಿತು. ಅದೇ ದಿನ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿ ಮಹಾನಗರ ಪಾಲಿಕೆಗಳಿಗೂ ಮತದಾನವಿತ್ತು. ಟಿವಿಯವರೆಲ್ಲ ಅಲ್ಲೇ ಇದ್ದರು. ದೊಡ್ಡಬಳ್ಳಾಪುರ ಮತ್ತು ತರೀಕೆರೆ ಪರದೆಯ ಕೆಳಗೆ ಓಡುವ ಒಂದು ಸಾಲು. ಆದರೆ ಇಲ್ಲಿ ಶಾಲೆಗಳ ಮುಂದೆ ಬೆಳಗ್ಗೆಯಿಂದಲೇ ಜನ. ಮುಖಕ್ಕೆ ಮಾಸ್ಕು, ಬಾಗಿಲಲ್ಲಿ ಸ್ಯಾನಿಟೈಸರ್. ಮತಗಟ್ಟೆಯಿಂದ ದೂರ ಸುಣ್ಣದ ಗೆರೆ, ಗೆರೆಯಾಚೆ ಒಂದೊಂದು ಪಕ್ಷಕ್ಕೆ ಒಂದೊಂದು ಮೇಜು, ಎರಡೆರಡು ಪ್ಲಾಸ್ಟಿಕ್ ಕುರ್ಚಿ, ಮೇಜಿನ ಮೇಲೆ ಗಾಳಿಗೆ ಹಾರದ ಹಾಗೆ ಕಲ್ಲಿಟ್ಟ ಮತದಾರರ ಪಟ್ಟಿ. ಹುಡುಗರು ಕ್ರಮಸಂಖ್ಯೆ ಹುಡುಕಿ ಚೀಟಿ ಬರೆದು ಕೊಡುತ್ತಾರೆ, ಪಟ್ಟಿಯಲ್ಲಿ ಆ ಹೆಸರಿನ ಮುಂದೆ ಪೆನ್ನಿನಲ್ಲಿ ಗುರುತು ಹಾಕುತ್ತಾರೆ. ಮಧ್ಯಾಹ್ನ ಮೂರಾದ ಮೇಲೆ ಆ ಗುರುತಿಲ್ಲದ ಹೆಸರುಗಳೇ ಅವರ ಚಿಂತೆ. "ಅಣ್ಣಾ, ಮೂಲೆ ಮನೆ ಅಕ್ಕ ಇನ್ನೂ ಬಂದಿಲ್ಲ", "ಅವ್ರು ಮಗಳ ಮನೆಗೆ ಹೋಗವ್ರೆ", "ಫೋನ್ ಹಾಕು, ಆಟೋ ಕಳ್ಸಣ." ಎದುರು ಪಕ್ಷದ ಮೇಜಿಂದಲೂ ಅದೇ ಅಕ್ಕನಿಗೆ ಫೋನು. ಮಧ್ಯೆ ಟೀ ಬಂದರೆ ಮೂರು ಮೇಜಿಗೂ ಒಂದೇ ಫ್ಲಾಸ್ಕು. ಒಂದು ಮತಕ್ಕೆ ಇಷ್ಟು ಬೆಲೆ ಇರುವುದನ್ನು ನೋಡಬೇಕಾದರೆ ವಾರ್ಡು ಚುನಾವಣೆಯ ದಿನ ಇಂಥ ಮೇಜಿನ ಪಕ್ಕ ಒಂದು ಗಂಟೆ ನಿಲ್ಲಬೇಕು.

ಸೋಮವಾರ ಎಣಿಕೆ. ಬಿಜೆಪಿ 12, ಕಾಂಗ್ರೆಸ್ 9, ಜೆಡಿಎಸ್ 7, ಪಕ್ಷೇತರರು 3. ಯಾರಿಗೂ ಬಹುಮತವಿಲ್ಲ. ಆ ವಾರವೇ ಗೌರಿ ಹಬ್ಬ, ಗಣೇಶ ಹಬ್ಬ. ಗೆದ್ದವರ ಮೆರವಣಿಗೆ ಯಾವುದು ಗಣಪತಿ ತರುವವರ ಮೆರವಣಿಗೆ ಯಾವುದು ಅಂತ ಪತ್ತೆ ಹಚ್ಚುವುದು ಕಷ್ಟವಾಗಿತ್ತು. ಅತಂತ್ರ ಅಂತ ಪತ್ರಿಕೆಗಳು ಬರೆದವು. ಅಧ್ಯಕ್ಷರ ಆಯ್ಕೆಯಲ್ಲಿ 31 ಸದಸ್ಯರ ಜೊತೆಗೆ ಶಾಸಕರಿಗೂ ಸಂಸದರಿಗೂ ಮತವಿದೆ. ಒಟ್ಟು 33, ಎಲ್ಲರೂ ಬಂದು ಕೂತರೆ 17 ಬೇಕು. ಆಗ ಶಾಸಕರು ಕಾಂಗ್ರೆಸ್ಸಿನ ಟಿ. ವೆಂಕಟರಮಣಯ್ಯ, ಸಂಸದರು ಬಿಜೆಪಿಯ ಬಿ.ಎನ್. ಬಚ್ಚೇಗೌಡ. ಹೇಗೆ ಕೂಡಿದರೂ ಎರಡು ಗುಂಪು ಕೈಜೋಡಿಸದೆ 17 ಆಗುವ ಲೆಕ್ಕವಿಲ್ಲ. ಅತಂತ್ರ ಅನ್ನುವುದನ್ನು ಶಾಪದ ಹಾಗೆ ಆಡುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಐವತ್ತೈವತ್ತು ಮನೆಗಳ ಒಲವು ಊರಿನ ಅಧ್ಯಕ್ಷಗಿರಿಯನ್ನು ತೀರ್ಮಾನಿಸುವಷ್ಟು ತೂಕ ಪಡೆದರೆ ಅದು ಆ ಮನೆಗಳ ಭಾಗ್ಯ.

ವಾರ್ಡಿನಲ್ಲಿ ಮತ ಹಾಕುವ ಈ ಹಕ್ಕು ಸುಮ್ಮನೆ ಬಂದದ್ದಲ್ಲ. ಹಳೇ ಮೈಸೂರು ಸಂಸ್ಥಾನದಲ್ಲಿ ಬೆಂಗಳೂರಿಗೆ 1862ರಲ್ಲಿ ಮುನಿಸಿಪಾಲಿಟಿ ಬಂತು, ಆಮೇಲೆ ತಾಲ್ಲೂಕು ಊರುಗಳಿಗೂ ಬಂತು. ಆದರೆ ಬಹುಕಾಲ ಕಂದಾಯ ಕಟ್ಟುವವರಿಗೆ, ಓದಿದವರಿಗೆ, ಆಸ್ತಿಯಿದ್ದವರಿಗೆ ಮಾತ್ರ ಅದರಲ್ಲಿ ಮಾತು. ಬಾಡಿಗೆ ಮನೆಯಲ್ಲಿ ಕೂಲಿಗೆ ನೇಯುವವನಿಗೆ, ಅವನ ಹೆಂಡತಿಗೆ ಮತ ಎಲ್ಲಿಂದ ಬರಬೇಕು? 1938ರಲ್ಲಿ ಮದ್ದೂರಿನ ಹತ್ತಿರ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆದಾಗ ಮೈಸೂರು ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದವರು ನಮ್ಮ ಟಿ. ಸಿದ್ದಲಿಂಗಯ್ಯನವರು. ಅವರ ಹೆಸರಿನ ವೃತ್ತ ಈಗಲೂ ಊರಿನ ನಡುವೆ ಇದೆ. ಜವಾಬ್ದಾರಿ ಸರ್ಕಾರ ಬೇಕು ಅಂತ ಆ ತಲೆಮಾರು ಜೈಲಿಗೆ ಹೋದದ್ದಕ್ಕೆ ಬಂದ ಫಲಗಳಲ್ಲಿ ಈ ವಾರ್ಡಿನ ಮತವೂ ಒಂದು. ವಯಸ್ಸಿಗೆ ಬಂದ ಎಲ್ಲರಿಗೂ ಮತ ಎಂಬುದು ಸಂವಿಧಾನದ ನಂತರ ನಮ್ಮ ಪುರಸಭೆಗಳ ಬಾಗಿಲಿಗೂ ಬಂತು. 1964ರ ಪುರಸಭೆಗಳ ಕಾಯ್ದೆಯೇ, ತಿದ್ದುಪಡಿಗಳೊಂದಿಗೆ, ಇವತ್ತಿಗೂ ನಡೆಯುತ್ತಿರುವುದು.

ಅಷ್ಟು ಕಷ್ಟಪಟ್ಟು ಪಡೆದದ್ದನ್ನು ಎಷ್ಟು ಸುಲಭವಾಗಿ ಮುಂದೂಡುತ್ತೇವೆ ನೋಡಿ. 2013ರ ಮಾರ್ಚ್ 7ರಂದು ರಾಜ್ಯದ ಇನ್ನೂರಕ್ಕೂ ಹೆಚ್ಚು ನಗರ ಸ್ಥಳೀಯ ಸಂಸ್ಥೆಗಳಿಗೆ ಒಟ್ಟಿಗೆ ಮತದಾನವಾಯಿತು, ನಮ್ಮೂರೂ ಅದರಲ್ಲಿತ್ತು. ಮುಂದಿನ ಮತದಾನ 2021ರ ಸೆಪ್ಟೆಂಬರ್. ಲೆಕ್ಕ ಹಾಕಿ: ಎಂಟೂವರೆ ವರ್ಷ. 2013ರ ಏಪ್ರಿಲ್‌ನಲ್ಲಿ ಹದಿನೆಂಟು ತುಂಬಿದ ಹುಡುಗಿ ತನ್ನ ಬೀದಿಯ ಮೆಂಬರನ್ನು ಆರಿಸಲು ಮೊದಲ ಸಲ ಮತ ಹಾಕಿದ್ದು ಇಪ್ಪತ್ತಾರನೇ ವಯಸ್ಸಿನಲ್ಲಿ. ಅಷ್ಟರಲ್ಲಿ ಅವಳು 2018ರಲ್ಲಿ ಶಾಸಕರಿಗೆ, 2014 ಮತ್ತು 2019ರಲ್ಲಿ ಸಂಸದರಿಗೆ ಮತ ಹಾಕಿದ್ದಳು. ಬೆಂಗಳೂರಿಗೆ ಯಾರು ಹೋಗಬೇಕು ಅಂತ ಒಂದು ಸಲ, ದೆಹಲಿಗೆ ಯಾರು ಹೋಗಬೇಕು ಅಂತ ಎರಡು ಸಲ ಕೇಳಿದರು. ಬೀದಿಯ ಕೊನೆಯ ನಲ್ಲಿಗೆ ನೀರು ಯಾರ ಜವಾಬ್ದಾರಿ ಅಂತ ಒಮ್ಮೆಯೂ ಕೇಳಲಿಲ್ಲ.

ಸಂವಿಧಾನದ 243ಯು ವಿಧಿ ಸ್ಪಷ್ಟವಾಗಿದೆ. ಐದು ವರ್ಷದ ಅವಧಿ ಮುಗಿಯುವ ಮೊದಲೇ ಹೊಸ ಚುನಾವಣೆ ಮುಗಿದಿರಬೇಕು. 74ನೇ ತಿದ್ದುಪಡಿ ತಂದ ವಿಧಿ ಅದು, 1993ರ ಜೂನ್ 1ರಿಂದ ಜಾರಿಯಲ್ಲಿದೆ. 2006ರಲ್ಲಿ ಕಿಶನ್‌ಸಿಂಗ್ ತೋಮರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅದನ್ನೇ ಒತ್ತಿ ಹೇಳಿತು: ಅವಧಿಯೊಳಗೆ ಚುನಾವಣೆ ನಡೆಸಲೇಬೇಕು, ಅದು ಆಯೋಗದ ಹೊಣೆ. ಆದರೂ ವಾರ್ಡು ವಿಂಗಡಣೆಗೆ ತಕರಾರು, ಮೀಸಲಾತಿ ಪಟ್ಟಿಗೆ ತಕರಾರು, ಹೈಕೋರ್ಟು, ಮತ್ತೆ ಪಟ್ಟಿ, ಮತ್ತೆ ತಕರಾರು. ಇದರಿಂದ ಏನಾಯಿತು ಅಂದರೆ, ಒಂದೇ ಜಿಲ್ಲೆಯ ಊರುಗಳು ಬೇರೆ ಬೇರೆ ವರ್ಷದಲ್ಲಿ ಮತ ಹಾಕಿದವು. ದೇವನಹಳ್ಳಿ, ನೆಲಮಂಗಲದಲ್ಲಿ 2019ರ ಮೇ ತಿಂಗಳು. ಹೊಸಕೋಟೆಯಲ್ಲಿ 2020ರ ಫೆಬ್ರುವರಿ. ನಮ್ಮಲ್ಲಿ 2021ರ ಸೆಪ್ಟೆಂಬರ್. ದೇವನಹಳ್ಳಿ ತಾಲ್ಲೂಕಿನ ವಿಜಯಪುರದಲ್ಲಿ 2021ರ ಡಿಸೆಂಬರ್. ಬೈಕಿನಲ್ಲಿ ಒಂದೇ ದಿನ ಸುತ್ತಿ ಬರಬಹುದಾದ ಊರುಗಳಿವು.

ಗೆದ್ದವರ ಗತಿ ಇನ್ನೂ ಕಷ್ಟ. 2018ರ ಆಗಸ್ಟ್‌ನಲ್ಲಿ, 2019ರ ಮೇನಲ್ಲಿ ರಾಜ್ಯದ ಎಷ್ಟೋ ಊರುಗಳಲ್ಲಿ ಗೆದ್ದ ಸದಸ್ಯರು ಅಧ್ಯಕ್ಷ-ಉಪಾಧ್ಯಕ್ಷರ ಮೀಸಲಾತಿ ಗೊಂದಲ ಬಗೆಹರಿಯದೆ 2020ರ ಅಕ್ಟೋಬರ್-ನವೆಂಬರ್‌ವರೆಗೆ ಕಾದರು. ಮಾಲೆ ಹಾಕಿಸಿಕೊಂಡರು, ಪ್ರಮಾಣಪತ್ರ ಪಡೆದರು, ಸಭೆ ಮಾತ್ರ ಇಲ್ಲ. ಬೀದಿಯವರು ಬಂದು "ಏನಣ್ಣಾ, ಗೆಲ್ಸಿದ್ವಲ್ಲ, ಲೈಟ್ ಹಾಕ್ಸು" ಅಂದರೆ ಅವರು ಏನು ಹೇಳಬೇಕು? ಅಧಿಕಾರವೆಲ್ಲ ಸರ್ಕಾರ ನೇಮಿಸಿದ ಆಡಳಿತಾಧಿಕಾರಿಯ ಕೈಯಲ್ಲಿ. ನಡುವೆ ಕೊರೊನಾ ಬಂತು. ಆ ದಿನಗಳಲ್ಲಿ ಯಾವ ಮನೆಯಲ್ಲಿ ರೇಷನ್ ಮುಗಿದಿದೆ, ಯಾವ ಮನೆಯಲ್ಲಿ ಒಂಟಿ ಮುದುಕರಿದ್ದಾರೆ ಅಂತ ತಿಳಿದವರು ಈ ಮೆಂಬರುಗಳೇ. ಅಧಿಕಾರವಿಲ್ಲದಿದ್ದರೂ ಎಷ್ಟೋ ಜನ ಸ್ವಂತ ದುಡ್ಡಿನಲ್ಲಿ ಓಡಾಡಿದರು.

ಆಡಳಿತಾಧಿಕಾರಿಗಳಲ್ಲಿ ಒಳ್ಳೆಯವರಿರುತ್ತಾರೆ. ಆದರೆ ಅವರ ಮನೆ ನಮ್ಮ ಬೀದಿಯಲ್ಲಿರುವುದಿಲ್ಲ. ಇದರಲ್ಲಿರುವ ವ್ಯತ್ಯಾಸ ನೀರಿನ ವಿಷಯದಲ್ಲಿ ಗೊತ್ತಾಗುತ್ತದೆ. ದೊಡ್ಡಬಳ್ಳಾಪುರಕ್ಕೆ ಕುಡಿಯುವ ನೀರು ಬರುವುದು ಜಕ್ಕಲಮಡಗು ಜಲಾಶಯದಿಂದ, ಅದನ್ನೂ ಚಿಕ್ಕಬಳ್ಳಾಪುರದ ಜೊತೆ ಹಂಚಿಕೊಳ್ಳಬೇಕು; ಉಳಿದದ್ದು ಕೊಳವೆಬಾವಿ, ಟ್ಯಾಂಕರ್. ಬೇಸಿಗೆಯಲ್ಲಿ ನೀರು ಯಾವ ದಿನ, ಯಾವ ಹೊತ್ತಿಗೆ, ಎಷ್ಟು ನಿಮಿಷ ಅನ್ನುವುದು ಬೀದಿಯ ಕೊನೆಯಲ್ಲಿ ಕಬ್ಬಿಣದ ಮುಚ್ಚಳ ತೆಗೆದು ವಾಲ್ವ್ ತಿರುಗಿಸುವ ವಾಟರ್‌ಮ್ಯಾನ್ ಕೈಯಲ್ಲಿರುತ್ತದೆ. ರಾತ್ರಿ ಹನ್ನೊಂದಕ್ಕೆ ಬಿಂದಿಗೆ, ಡ್ರಮ್ಮು, ಬಕೆಟ್ಟು ಸಾಲಾಗಿ ಇಟ್ಟುಕೊಂಡು ಕೂತ ಹೆಂಗಸರು ಒಂದು ಫೋನ್ ಮಾಡುತ್ತಾರೆ. ಅದು ಪೌರಾಯುಕ್ತರಿಗಲ್ಲ, ಶಾಸಕರಿಗಲ್ಲ, ಮೆಂಬರಿಗೆ. "ಅಕ್ಕಾ, ನಮ್ಮ ಸಾಲಿಗೆ ಇನ್ನೂ ಬಿಟ್ಟಿಲ್ಲ." ಮೆಂಬರು ಅಕ್ಕನೇ ಆಗಿದ್ದರೆ ಅವರ ಮನೆಗೂ ಬಂದಿರುವುದಿಲ್ಲ. ಆ ಫೋನ್ ಎತ್ತುವವರು ಇಲ್ಲದ ವರ್ಷಗಳನ್ನು ಚುನಾವಣೆಯ ಚರಿತ್ರೆಯಲ್ಲಿ ಖಾಲಿ ಜಾಗ ಅಂತ ಬಿಡಬಾರದು. ಚರಿತ್ರೆಯ ಮುಖ್ಯ ಭಾಗವೇ ಅದು.

ಅಕ್ಕ ಅಂದೆ. ಕರ್ನಾಟಕದಲ್ಲಿ ನಗರ ಸ್ಥಳೀಯ ಸಂಸ್ಥೆಗಳ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ. ಮೀಸಲಾತಿ ಪಟ್ಟಿ ಹೊರಬಿದ್ದ ದಿನ ಊರಿನ ರಾಜಕೀಯವೆಲ್ಲ ತಲೆಕೆಳಗಾಗುತ್ತದೆ. ಸಾಮಾನ್ಯ ಅಂತ ಇದ್ದ ವಾರ್ಡು ಸಾಮಾನ್ಯ ಮಹಿಳೆ ಆಯಿತು, ಹಿಂದುಳಿದ ವರ್ಗ 'ಎ' ಇದ್ದದ್ದು 'ಬಿ' ಆಯಿತು, ಪರಿಶಿಷ್ಟ ಜಾತಿಗೆ ಇದ್ದದ್ದು ಪಕ್ಕದ ವಾರ್ಡಿಗೆ ಹೋಯಿತು. ವರ್ಷಗಟ್ಟಲೆ ಬೀದಿ ತಿರುಗಿದವರು ಒಂದೇ ಸಂಜೆಗೆ ಪಕ್ಕದ ವಾರ್ಡಿನಲ್ಲಿ ಬಾಡಿಗೆಗೆ ಮನೆ ಹುಡುಕಿದ ಹಾಗೆ ಟಿಕೆಟ್ ಹುಡುಕುತ್ತಾರೆ. ಇನ್ನು ಕೆಲವರು ಹೆಂಡತಿಯನ್ನೋ ಅಮ್ಮನನ್ನೋ ನಿಲ್ಲಿಸುತ್ತಾರೆ. ಪೋಸ್ಟರಿನಲ್ಲಿ ಹೆಂಡತಿಯ ಫೋಟೋ ಪಕ್ಕ ಗಂಡನ ಫೋಟೋ, ಒಂದು ಅಳತೆ ದೊಡ್ಡದು.

ಇದನ್ನು ಕಂಡು ಮಹಿಳಾ ಮೀಸಲಾತಿಯೇ ವ್ಯರ್ಥ ಅನ್ನುವವರ ಜೊತೆ ನಾನು ಒಪ್ಪುವುದಿಲ್ಲ. ಮೊದಲ ಆರು ತಿಂಗಳು ಗಂಡನ ಹಿಂದೆ ಬಂದು ಸಭೆಯಲ್ಲಿ ಸುಮ್ಮನೆ ಕೂತು ಹೋಗುತ್ತಿದ್ದವರೇ ಎರಡನೇ ವರ್ಷಕ್ಕೆ ಎದ್ದು ನಿಂತು ಎಂಜಿನಿಯರನ್ನು ಹೆಸರು ಹಿಡಿದು ಪ್ರಶ್ನೆ ಕೇಳುವುದನ್ನು ಊರೂರಲ್ಲೂ ಕಂಡವರಿದ್ದಾರೆ. ಸಭೆಯ ಒಳಗೆ ಗಂಡನಿಗೆ ಜಾಗವಿಲ್ಲ. ಅಲ್ಲಿ ಕೈ ಎತ್ತಬೇಕಾದವರು, ಸಹಿ ಹಾಕಬೇಕಾದವರು ಅವರೇ. ಆ ಕಲಿಕೆ ಮುಗಿಯುವ ಹೊತ್ತಿಗೆ ಅವಧಿಯೂ ಮುಗಿಯುತ್ತದೆ, ವಾರ್ಡು ಬೇರೆ ವರ್ಗಕ್ಕೆ ತಿರುಗುತ್ತದೆ. ಕಲಿತ ಮೆಂಬರು ಮನೆಗೆ ಹೋಗುತ್ತಾರೆ, ಹೊಸಬರು ಮೊದಲಿನಿಂದ ಕಲಿಯಬೇಕು. ಸರದಿ ಬೇಕು, ಎಲ್ಲರಿಗೂ ಪಾಲು ಸಿಗಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಿಂದಿನವರು ಏನು ಮಾಡಿದರು, ಯಾವ ಕಾಮಗಾರಿ ಎಲ್ಲಿ ನಿಂತಿದೆ, ಯಾವ ಅರ್ಜಿಗೆ ಉತ್ತರ ಬಂದಿಲ್ಲ ಅನ್ನುವುದನ್ನು ಮುಂದಿನವರಿಗೆ ಒಪ್ಪಿಸುವ ಪುಸ್ತಕ ಒಂದಾದರೂ ಇರಬೇಡವೇ? ಊರಿನ ದೇವಸ್ಥಾನದ ಉತ್ಸವ ಸಮಿತಿಯವರು ಹೋದ ವರ್ಷದ ಲೆಕ್ಕದ ಪುಸ್ತಕ ಹೊಸ ಸಮಿತಿಗೆ ಕೊಡುತ್ತಾರೆ. ವಾರ್ಡಿಗೆ ಅಷ್ಟೂ ಇಲ್ಲ. ಸಂವಿಧಾನದ 243ಎಸ್ ವಿಧಿಯಂತೆ ವಾರ್ಡ್ ಸಮಿತಿ ಕಡ್ಡಾಯವಾಗುವುದು ಮೂರು ಲಕ್ಷ ಜನಸಂಖ್ಯೆ ದಾಟಿದ ಊರುಗಳಿಗೆ. ನಮ್ಮಂಥ ಊರುಗಳು ಅದರ ಕೆಳಗೆ ಬೀಳುತ್ತವೆ. ಜನ ಒಬ್ಬರನ್ನೊಬ್ಬರು ಬಲ್ಲ, ಸಮಿತಿ ಚೆನ್ನಾಗಿ ನಡೆಯಬಹುದಾದ ಊರಿಗೇ ಅದು ಕಡ್ಡಾಯವಿಲ್ಲ ಅನ್ನುವುದು ನನಗೆ ನಿಜವಾಗಿಯೂ ನೋವಿನ ವಿಷಯ.

ಹೊಸಕೋಟೆಯ ಕಥೆಯನ್ನು ಇಲ್ಲಿ ಹೇಳಬೇಕು, ಜನ ವಾರ್ಡನ್ನೂ ಕ್ಷೇತ್ರವನ್ನೂ ಬೇರೆ ಬೇರೆಯಾಗಿ ತೂಗುತ್ತಾರೆ ಅನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ನಮ್ಮ ಜಿಲ್ಲೆಯಲ್ಲಿಲ್ಲ. 2019ರ ಡಿಸೆಂಬರ್‌ನಲ್ಲಿ ವಿಧಾನಸಭೆ ಉಪಚುನಾವಣೆ. ಕಾಂಗ್ರೆಸ್ ಬಿಟ್ಟು ಬಿಜೆಪಿ ಸೇರಿದ ಎಂ.ಟಿ.ಬಿ. ನಾಗರಾಜ್ ಒಂದು ಕಡೆ. ಬಿಜೆಪಿ ಟಿಕೆಟ್ ಸಿಗದೆ ಪಕ್ಷೇತರರಾಗಿ ಕುಕ್ಕರ್ ಗುರುತಿನಲ್ಲಿ ನಿಂತ ಶರತ್ ಬಚ್ಚೇಗೌಡ ಇನ್ನೊಂದು ಕಡೆ, ಅವರ ತಂದೆ ಆಗ ಬಿಜೆಪಿಯ ಸಂಸದರು. ಶರತ್ ಹನ್ನೊಂದು ಸಾವಿರಕ್ಕೂ ಹೆಚ್ಚು ಮತದಿಂದ ಗೆದ್ದರು. ಎರಡು ತಿಂಗಳು ಕಳೆದು 2020ರ ಫೆಬ್ರುವರಿ 9ರಂದು ಹೊಸಕೋಟೆ ನಗರಸಭೆಯ 31 ವಾರ್ಡುಗಳಿಗೆ ಮತದಾನವಾದಾಗ ಬಿಜೆಪಿ 22 ಗೆದ್ದಿತು. ಶಾಸಕರ ಚುನಾವಣೆಯಲ್ಲಿ ಹಳ್ಳಿಗಳೂ ಇದ್ದವು, ನಗರಸಭೆಗೆ ಊರು ಮಾತ್ರ. ಆ ವ್ಯತ್ಯಾಸ ಇದ್ದೇ ಇದೆ. ಆದರೂ ಅಲೆ ಅಂತ ನಾವು ಹೇಳುವುದು ವಾರ್ಡಿನ ಬಾಗಿಲಿಗೆ ಬಂದಾಗ ಎಷ್ಟು ಸಣ್ಣದಾಗುತ್ತದೆ ನೋಡಿ.

ಚುನಾವಣೆಯ ಮಾತಾಡುವಾಗ ಮತವಿಲ್ಲದವರ ಮಾತೂ ಬರಬೇಕು. ಅರ್ಕಾವತಿ ಹುಟ್ಟುವುದು ನಂದಿಬೆಟ್ಟದ ಸಾಲಿನಲ್ಲಿ. ನಮ್ಮೂರಿನ ನಾಗರಕೆರೆಯೂ ಕೆಳಗಿನ ಕೆರೆಗಳ ಸಾಲೂ ಆ ನದಿಯ ಕಣ್ಣುಗಳು. 31 ವಾರ್ಡುಗಳ ಕೊಳಚೆ ನೀರು, ಬಾಶೆಟ್ಟಿಹಳ್ಳಿ ಕೈಗಾರಿಕಾ ಪ್ರದೇಶದ ನೀರು ಹರಿದು ಹೋಗುವುದು ಚಿಕ್ಕತುಮಕೂರು, ದೊಡ್ಡತುಮಕೂರು ಕೆರೆಗಳ ಕಡೆಗೆ. ದೊಡ್ಡತುಮಕೂರು, ಮಜರಾಹೊಸಹಳ್ಳಿ ಪಂಚಾಯಿತಿಗಳ ಜನ ಶುದ್ಧ ನೀರು ಕೊಡಿ, ಕೆರೆ ಉಳಿಸಿ ಅಂತ ವರ್ಷಗಳಿಂದ ಹೋರಾಡುತ್ತಿದ್ದಾರೆ. ಅವರ ಕೊಳವೆಬಾವಿಯ ಭವಿಷ್ಯ ನಮ್ಮ ನಗರಸಭೆಯ ಒಳಚರಂಡಿ ಮತ್ತು ಶುದ್ಧೀಕರಣ ಘಟಕದ ಮೇಲೆ ನಿಂತಿದೆ, ಆದರೆ ಅವರಿಗೆ ಈ 31ರಲ್ಲಿ ಒಂದು ಮತವೂ ಇಲ್ಲ. ನಮ್ಮ ವಾರ್ಡಿನ ಅಭ್ಯರ್ಥಿಯನ್ನು "ನಮ್ಮ ಚರಂಡಿ ಎಲ್ಲಿಗೆ ಹೋಗುತ್ತದೆ?" ಅಂತ ಕೇಳಬೇಕಾದವರು ನಾವು. "ಚರಂಡಿ ಕಟ್ಟಿಕೊಂಡಿದೆ" ಅಂತಷ್ಟೇ ಕೇಳಿ ಸುಮ್ಮನಾಗುತ್ತೇವೆ. ಮನೆಯ ಮುಂದಿನಿಂದ ಹರಿದುಹೋದರೆ ಸಮಸ್ಯೆ ಮುಗಿಯಿತು ಅಂದುಕೊಂಡ ತಪ್ಪಿಗೆ ದಂಡ ತೆರುತ್ತಿರುವವರು ಆ ಊರಿನ ದನಕರುಗಳು, ಮಕ್ಕಳು.

ಬಾಶೆಟ್ಟಿಹಳ್ಳಿ ಈಗ ಪಟ್ಟಣ ಪಂಚಾಯಿತಿ. ಅಲ್ಲಿಯ ಕಾರ್ಖಾನೆಗಳಿಗೆ, ಅಪಾರೆಲ್ ಪಾರ್ಕಿಗೆ ಕೆಲಸಕ್ಕೆ ಬಂದವರು ಒಂದೊಂದು ಕೋಣೆಯಲ್ಲಿ ಐದಾರು ಜನ ಇರುತ್ತಾರೆ. ಅವರ ಮತ ರಾಯಚೂರಿನಲ್ಲೋ ಬಿಹಾರದಲ್ಲೋ ಒಡಿಶಾದಲ್ಲೋ. ಕಸ ಹಾಕುವುದು ಇಲ್ಲಿ, ನೀರು ಕುಡಿಯುವುದು ಇಲ್ಲಿ, ಹೆಸರಿರುವುದು ಅಲ್ಲಿ. ವಾರ್ಡಿನ ಲೆಕ್ಕದಲ್ಲಿ ಬಾರದ ಇವರಿಗಾಗಿ ಯಾವ ಮೆಂಬರೂ ರಾತ್ರಿ ಫೋನ್ ಎತ್ತುವುದಿಲ್ಲ.

ಬೆಂಗಳೂರು ಇಲ್ಲಿಗೆ ನಲವತ್ತು ಕಿಲೋಮೀಟರ್. ಅಲ್ಲಿ ಬಿಬಿಎಂಪಿಗೆ ಚುನಾವಣೆ ಆದದ್ದು 2015ರ ಆಗಸ್ಟ್, ಅವಧಿ ಮುಗಿದದ್ದು 2020ರ ಸೆಪ್ಟೆಂಬರ್. ಆಮೇಲೆ 198 ವಾರ್ಡುಗಳು ಕಾಗದದ ಮೇಲೆ 243 ಆದವು, 225 ಆದವು, ಕೊನೆಗೆ ಬಿಬಿಎಂಪಿಯೇ ಹೋಗಿ ಐದು ಪಾಲಿಕೆಗಳಾದವು. ಅಷ್ಟು ದೊಡ್ಡ ಊರಿನ ಜನ ವರ್ಷಗಟ್ಟಲೆ ಮೆಂಬರಿಲ್ಲದೆ ಇದ್ದರು. ನಮ್ಮ ಸುತ್ತಲ ಹಳ್ಳಿಗಳ ಪಾಡೂ ಅದೇ. ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳಿಗೆ 2016ರಲ್ಲಿ ಆಯ್ಕೆಯಾದವರ ಅವಧಿ 2021ರಲ್ಲಿ ಮುಗಿದು, ಮುಂದಿನ ಚುನಾವಣೆ ವರ್ಷದಿಂದ ವರ್ಷಕ್ಕೆ ಹೋಯಿತು. ನಮ್ಮ ಜಿಲ್ಲೆಯ ಹೆಸರನ್ನೂ ಬೆಂಗಳೂರು ಉತ್ತರ ಅಂತ ಬದಲಿಸಲು 2025ರ ಜುಲೈನಲ್ಲಿ ನಂದಿಬೆಟ್ಟದಲ್ಲಿ ಸೇರಿದ ಸಚಿವ ಸಂಪುಟ ತೀರ್ಮಾನಿಸಿತು. ಜಿಲ್ಲೆಗೆ ಯಾವ ಹೆಸರಾದರೂ ಇರಲಿ, ಕುಚ್ಚಪ್ಪನ ಪೇಟೆಗೆ ಹೊತ್ತಿಗೆ ಸರಿಯಾಗಿ ಚುನಾವಣೆ ಸಿಗಲಿ.

ನನ್ನ ಮನಸ್ಸಿನಲ್ಲಿರುವ ಕೆಲಸ ದೊಡ್ಡದೇನಲ್ಲ. ಪ್ರತಿ ವಾರ್ಡಿಗೆ ಒಂದು ಹಾಳೆ. ಹಿಂದೆ ಈ ಬೀದಿಗಳು ಯಾವ ನಂಬರಿನಲ್ಲಿದ್ದವು, ಯಾವ ವರ್ಷ ಯಾವ ವರ್ಗಕ್ಕೆ ಮೀಸಲಾಗಿತ್ತು, ಯಾರು ಯಾರು ನಿಂತರು, ಯಾರಿಗೆ ಎಷ್ಟು ಮತ, ಗೆದ್ದವರ ಕಾಲದಲ್ಲಿ ಏನಾಯಿತು, ಎಷ್ಟು ತಿಂಗಳು ಆಡಳಿತಾಧಿಕಾರಿ ಇದ್ದರು. ಕೊಂಗಾಡಿಯಪ್ಪ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಓದುವ ಮಕ್ಕಳು ಒಂದು ರಜೆಯಲ್ಲಿ ಮಾಡಿ ಮುಗಿಸಬಹುದು. ಹಳೆಯ ಫಲಿತಾಂಶದ ಹಾಳೆಗಳು ಕಚೇರಿಗಳ ಕಡತದಲ್ಲಿರುತ್ತವೆ, ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ. ಉಳಿದದ್ದು ಜಗಲಿಗಳ ಮೇಲಿದೆ, ಸೋತವರ ಹತ್ತಿರವಂತೂ ಗೆದ್ದವರಿಗಿಂತ ಹೆಚ್ಚಿದೆ. ಎಷ್ಟು ಮತದಲ್ಲಿ ಸೋತೆವು ಅನ್ನುವುದನ್ನು ಯಾರೂ ಮರೆಯುವುದಿಲ್ಲ.

ಹೊತ್ತೂ ಈಗಲೇ. ಈಗಿರುವ ವಾರ್ಡುಗಳನ್ನು ವಿಂಗಡಿಸಿದ್ದು 2011ರ ಜನಗಣತಿಯ ಮೇಲೆ. ಮುಂದಿನ ಗಣತಿಗೆ ಆಧಾರ ದಿನ 2027ರ ಮಾರ್ಚ್ 1 ಅಂತ ಗೊತ್ತಾಗಿದೆ; ಅದು ಮುಗಿದರೆ ಮತ್ತೆ ಗೆರೆ ಬೀಳುತ್ತದೆ. ಕರಡು ಅಧಿಸೂಚನೆ ಬಂದಾಗ ಪ್ರತಿ ವಾರ್ಡಿನ ಚೆಕ್ಕುಬಂದಿ ಬರೆದಿರುತ್ತಾರೆ: ಉತ್ತರಕ್ಕೆ ಇಂಥ ರಸ್ತೆ, ಪೂರ್ವಕ್ಕೆ ಇಂಥವರ ಅಂಗಡಿಯಿಂದ ಇಂಥ ಮೋರಿವರೆಗೆ. ಆಕ್ಷೇಪಣೆ ಸಲ್ಲಿಸಲು ಸಿಗುವುದು ಕೆಲವೇ ದಿನ. ಆ ಹಾಳೆಯನ್ನು ಕೈಯಲ್ಲಿ ಹಿಡಿದು ಬೀದಿ ಬೀದಿ ನಡೆದು ನೋಡುವವರು ಪ್ರತಿ ಪೇಟೆಯಲ್ಲೂ ನಾಲ್ಕು ಜನ ಬೇಕು. ಎಡ ಸಾಲು ಬಲ ಸಾಲು ಒಡೆದಿದೆಯೇ, ಒಂದೇ ವಾಲ್ವಿನಿಂದ ನೀರು ಪಡೆಯುವ ಮನೆಗಳು ಒಂದೇ ವಾರ್ಡಿನಲ್ಲಿವೆಯೇ ಅಂತ ನೋಡಬೇಕು, ಇಲ್ಲದಿದ್ದರೆ ಕಾಗದದ ಮೇಲೆ ಬರೆದು, ಸಹಿ ಹಾಕಿಸಿ, ಬೀರಸಂದ್ರದ ಜಿಲ್ಲಾಧಿಕಾರಿ ಕಚೇರಿಗೆ ಹೋಗಿ ಕೊಟ್ಟು, ಸ್ವೀಕೃತಿ ತೆಗೆದುಕೊಂಡು ಬರಬೇಕು.